ಬಂಟ್ವಾಳವನ್ನು ಮುಳುಗಿಸಿದ್ದು ಹೊಳೆಯಲ್ಲ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮಾತಿನ ನಡುವೆ, “ಬಂಟ್ವಾಳವೆಂದರೆ ಬಿ.ಸಿ. ರೋಡೇ ಅಲ್ಲವೇ ಸರ್? ಹಳೆಯ ಪೇಟೆಯನ್ನು ನೆರೆ ನುಂಗಿತಂತೆ” ಎಂದ. ಬಿ.ಸಿ. ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್, ಅಂದರೆ ಬಂಟ್ವಾಳಕ್ಕೆ ತಿರುಗುವ ಕವಲುದಾರಿ. ಈಗ ಕವಲಿನ ಹೆಸರೇ ಊರಿನ ಹೆಸರನ್ನು ನುಂಗಿದೆ.

ತಪ್ಪು ಅವನದಲ್ಲ, ನನ್ನದು. ಥೇಮ್ಸ್ ನದಿಯ ದಡದಲ್ಲಿ ಲಂಡನ್ ಇದೆಯೆಂದು ನಿಮಗೆಲ್ಲ ಬಾಯಿಪಾಠ ಮಾಡಿಸಿದವನು ನಾನು. ಮಂಗಳೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ನೇತ್ರಾವತಿಯ ಉತ್ತರ ದಡದಲ್ಲಿ ಒಂದು ಪೇಟೆ ಏಕೆ ಹುಟ್ಟಿತೆಂದು ತರಗತಿಯಲ್ಲಿ ಒಂದು ದಿನವೂ ಕೇಳಲಿಲ್ಲ.

ಉತ್ತರ ಕಷ್ಟದ್ದಲ್ಲ. ಘಟ್ಟದ ಮೇಲಿನ ಮೈಸೂರು ಸೀಮೆಯ ಸರಕು ಎತ್ತುಗಳ ಬೆನ್ನೇರಿ ಇಳಿದು ಬರುತ್ತಿತ್ತು. ಬಂಟ್ವಾಳಕ್ಕೆ ಬಂದರೆ ಮುಂದಿನ ದಾರಿಯನ್ನು ಹೊಳೆಯೇ ನೋಡಿಕೊಳ್ಳುತ್ತಿತ್ತು. ದೋಣಿಗಳು ಅದನ್ನು ಮಂಗಳೂರಿನ ದಕ್ಕೆಗೆ ಮುಟ್ಟಿಸುತ್ತಿದ್ದವು. ಮರಳುವಾಗ ಉಪ್ಪು ಮೇಲಕ್ಕೆ ಹೋಗುತ್ತಿತ್ತು. ಎತ್ತಿನಿಂದ ಇಳಿಸಿ ದೋಣಿಗೆ ಏರಿಸುವ ಆ ಒಂದು ತಾಣದಲ್ಲಿ ಉಗ್ರಾಣ, ಅಂಗಡಿ, ದೇವಸ್ಥಾನ, ಶಾಲೆ ಎಲ್ಲವೂ ಬೆಳೆದವು. ಮಕ್ಕಳಿಗಾಗಿ ಕನ್ನಡದಲ್ಲಿ ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದೂ ಈ ಊರಿನಲ್ಲಿಯೇ.

ನೆರೆಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. 1974ರ ಜುಲೈಯಲ್ಲಿ ಪೇಟೆ ನೀರಿನಲ್ಲಿ ನಿಂತಿತು. ಎಷ್ಟೋ ಕುಟುಂಬಗಳು ಎಲ್ಲವನ್ನೂ ಕಳೆದುಕೊಂಡವು. ಆದರೆ ಅದಕ್ಕೆ ಅರ್ಧ ಶತಮಾನ ಮೊದಲು, 1923ರಲ್ಲಿ, ತುಳುವರು ಇಂದಿಗೂ ‘ಮಾರಿ ಬೊಳ್ಳ’ ಎನ್ನುವ ಮಹಾನೆರೆ ಬಂದಿರಲಿಲ್ಲವೇ? ಆಗ ಪೇಟೆ ಕೆಸರು ಬಳಿದು ಮತ್ತೆ ಎದ್ದು ನಿಂತಿತು. 1974ರ ನಂತರ ಹಿಂದಿನಂತೆ ಏಳಲಿಲ್ಲವೇಕೆ? ವ್ಯಾಪಾರ ಅಷ್ಟರಲ್ಲಿ ದೋಣಿಯಿಂದಿಳಿದು ಲಾರಿ ಹತ್ತಿತ್ತು. ಹೆದ್ದಾರಿ ಪೇಟೆಯನ್ನು ಬದಿಗಿರಿಸಿ, ಕವಲಿನಿಂದಲೇ ಪಾಣೆಮಂಗಳೂರಿನತ್ತ ಹೊಳೆ ದಾಟಿತು. ಅಂಗಡಿಗಳು ಅದರ ಹಿಂದೆ ಹೋದವು. ಪೇಟೆಯನ್ನು ಕಟ್ಟಿದ್ದು ಹೊಳೆ, ಅದನ್ನು ಬಿಟ್ಟು ಹೋದದ್ದು ರಸ್ತೆ. ಅಪವಾದ ಮಾತ್ರ ಹೊಳೆಯ ತಲೆಗೆ!

ಇದು ಬರಿಯ ಹಳಹಳಿಕೆಯಲ್ಲ. ಹೊಳೆಯನ್ನು ಶತ್ರುವೆಂದು ನಂಬಿದ ಊರು ಅದಕ್ಕೆ ಬೆನ್ನು ಮಾಡಿ ಮನೆ ಕಟ್ಟುತ್ತದೆ. ಬೆನ್ನು ಮಾಡಿದ ಮನೆಯ ಹಿತ್ತಿಲಿನ ಕೊಳೆ ಹೊಳೆಗೇ ಸೇರುತ್ತದೆ. ಬಂಟ್ವಾಳದಿಂದ ಸ್ವಲ್ಪವೇ ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು ಇದೆ. ಮಂಗಳೂರು ನಗರ ಕುಡಿಯುವುದು ಅಲ್ಲಿ ನಿಲ್ಲಿಸಿದ ನೀರನ್ನು. ಮೇಲಿನ ಊರುಗಳು ಹೊಳೆಗೆ ಏನು ಕೊಡುತ್ತವೆಯೋ ಅದು ನಮ್ಮ ನಳ್ಳಿಯ ಕಡೆಗೇ ಹರಿದು ಬರುತ್ತದೆ. ನಗರದ ನಾವು ಬಂಟ್ವಾಳದ ಹೆಸರನ್ನು ಮರೆಯಬಹುದು, ಅದರ ಚರಂಡಿಯನ್ನು ಮರೆಯುವಂತಿಲ್ಲ. ಕೊಳೆಯನ್ನು ಶುದ್ಧೀಕರಿಸುವ ಖರ್ಚು ಆ ಊರಿನವರದು ಮಾತ್ರ ಎಂದು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ನೀರು ಕುಡಿಯುವವರೂ ಅದರಲ್ಲಿ ಪಾಲುದಾರರು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ಇಂಜಿನಿಯರುಗಳು, ಮಕ್ಕಳ ತಂದೆತಾಯಿಯರು. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕವಲಿನಲ್ಲಿ ನಿಲ್ಲದೆ ಪೇಟೆಯವರೆಗೆ ಹೋಗಿ, ಹೊಳೆಬದಿಗೆ ಇಳಿದು ನೋಡಿ. ನಾನು ತರಗತಿಯಲ್ಲಿ ಕೇಳದೆ ಉಳಿಸಿದ ಪ್ರಶ್ನೆಯನ್ನು ಅಲ್ಲಿ ಅವರಿಗೆ ಕೇಳಿ.