ನಿಮ್ಮ ಹಬ್ಬದ ಊಟಕ್ಕೆ ನೀವು ಕೂರೋದು ಯಾವಾಗ?

ಡಿಸೆಂಬರ್ ತಿಂಗಳು ಬಂತೆಂದರೆ ಎದುರುಮನೆ ಮೇಷ್ಟ್ರ ಹೆಂಡತಿ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಇದರಲ್ಲಿ ಮೊಟ್ಟೆ ಹಾಕದ್ದು ಯಾವ್ದು ಹೇಳಿ ಮಾರಾಯ್ರೆ." ಹದಿನೆಂಟು ವರ್ಷದಿಂದ ಅವರ ಮನೆಗೆ ನಮ್ಮ ಕ್ರಿಸ್ಮಸ್ ತಿಂಡಿ ಹೋಗುತ್ತಿದೆ, ಗೌರಿಹಬ್ಬಕ್ಕೆ ಅವರ ಮನೆಯ ತಿಂಡಿ ನಮ್ಮಲ್ಲಿಗೆ ಬರುತ್ತಿದೆ. ನಾನೀಗ ಎರಡು ತಟ್ಟೆ ಮಾಡಿಯೇ ಕಳಿಸುತ್ತೇನೆ. ಒಂದರಲ್ಲಿ ನೆವ್ರಿ, ಕಿಡಿಯೊ, ಚಕ್ಕುಲಿ, ಎಳ್ಳಿನ ಲಾಡು. ಇನ್ನೊಂದರಲ್ಲಿ ಅಚ್ಚಿನಲ್ಲಿ ಕರಿದ ಗುಲಾಬಿ ಹೂ ಮತ್ತು ಕೇಕು. ಅದು ಅವರ ಮೊಮ್ಮಕ್ಕಳಿಗೆ. ನೀವು ಕರ್ಜಿಕಾಯಿ ಎನ್ನುವುದನ್ನೇ ನಾವು ನೆವ್ರಿ ಎನ್ನುತ್ತೇವೆ ಎಂದು ಗೊತ್ತಾದ ದಿನ ಅವರು "ಅಯ್ಯೋ, ಇದಕ್ಕಾ ಇಷ್ಟು ವರ್ಷ ಹೆಸರು ಕೇಳಿ ಹೆದರಿದ್ದು" ಎಂದು ನಕ್ಕಿದ್ದರು.

ಎರಡು ವರ್ಷದ ಕೆಳಗೆ ಅವರು ಬೇರೆ ಪ್ರಶ್ನೆ ಕೇಳಿದರು. ಹಬ್ಬದ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ತಟ್ಟೆ ವಾಪಸ್ಸು ಕೊಡಲು ಹಿಂಬಾಗಿಲಿಗೆ ಬಂದವರು ಅಲ್ಲೇ ನಿಂತು ನನ್ನ ಮುಖ ನೋಡಿದರು. ಹೊಸ ಸೀರೆಯ ಮೇಲೆ ಹಳೇ ಟವಲು ಸಿಕ್ಕಿಸಿಕೊಂಡು ನಾನು ಇನ್ನೂ ಒಲೆಯ ಮುಂದೆಯೇ ಇದ್ದೆ. ಒಳಗೆ ಎಲ್ಲರ ಊಟವಾಗಿ ನಗು, ಮಾತು ಕೇಳುತ್ತಿತ್ತು. "ಅಲ್ಲಾ, ನಿಮ್ಮ ಹಬ್ಬದ ಊಟಕ್ಕೆ ನೀವು ಕೂರೋದು ಯಾವಾಗ?" ಎಂದರು.

ನಾನು ಏನೋ ನಗೆಮಾತು ಹೇಳಿ ಕಳಿಸಿದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ರಾತ್ರಿ ಪಾತ್ರೆ ತೊಳೆಯುತ್ತಾ ಲೆಕ್ಕ ಹಾಕಿದೆ. ಮದುವೆಯಾಗಿ ಇಪ್ಪತ್ತೆರಡು ಕ್ರಿಸ್ಮಸ್. ಬಾಣಂತನಕ್ಕೆ ತವರಿಗೆ ಹೋದ ಎರಡು ವರ್ಷ ಬಿಟ್ಟರೆ ಒಂದು ಸಲವೂ ಎಲ್ಲರ ಜೊತೆ ಮೇಜಿಗೆ ಕೂತಿಲ್ಲ.

ಕ್ರೈಸ್ತರ ಹಬ್ಬದ ಊಟ ಅಂದರೆ ಕೇಕು ಎಂದೇ ಬಹಳ ಜನ ತಿಳಿದಿದ್ದಾರೆ. ಕೇಕು 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಒಂದೊಂದು ತುಂಡು. ಊಟ 25ರ ಮಧ್ಯಾಹ್ನ, ಅದೂ ಊರಿಗೊಂದು ಬಗೆ. ನಮ್ಮ ಬೀದಿಯ ನರ್ಸಮ್ಮ ಕೇರಳದ ಸಿರಿಯನ್ ಕ್ರೈಸ್ತರು. ಅವರಲ್ಲಿ ಹಬ್ಬಕ್ಕೆ ಮುಂಚೆ 25 ದಿನದ ನೋಂಬು ಹಿಡಿಯುವ ಪದ್ಧತಿ ಇದೆ, ಮೀನು ಮಾಂಸ ಮುಟ್ಟುವುದಿಲ್ಲ. ಹಬ್ಬದ ಬೆಳಿಗ್ಗೆ ಅಪ್ಪಂ ಮತ್ತು ಇಷ್ಟು ತಿಂದು ನೋಂಬು ಬಿಡುತ್ತಾರೆ. ಕುಟ್ಟನಾಡಿನ ಕಡೆ ಬಾತುಕೋಳಿ ಆಗಲೇಬೇಕು. ಗೋವೆಯಲ್ಲಿ ಸೊರ್ಪೊತೆಲ್, ಕೊನೆಗೆ ಪದರಪದರವಾದ ಬೆಬಿಂಕಾ.

ನಾವು ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು, ಈಗ ಘಟ್ಟದ ಮೇಲೆ ಬಂದು ನೆಲೆಸಿದವರು. ನಮ್ಮ ಹಿರಿಯರು 16ನೇ ಶತಮಾನದಿಂದ 18ನೇ ಶತಮಾನದವರೆಗೆ ಗೋವೆಯಿಂದ ತಂಡತಂಡವಾಗಿ ಕರಾವಳಿಗೆ ಇಳಿದು ಬಂದರು. ಅಡುಗೆಯಲ್ಲಿ ಆ ಗುರುತು ಇನ್ನೂ ಇದೆ. ನಮ್ಮ ಬಾಫಾತಿಗೆ ಹಾಕುವ ಒಣಮೆಣಸು ಮೊದಲು ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ಗೇರುಬೀಜವೂ ಅವರೇ ಬ್ರೆಜಿಲಿನಿಂದ ತಂದದ್ದು. ಈಗ ನೋಡಿ, ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಮೆಣಸಿಲ್ಲದೆ ನಮ್ಮ ಹಬ್ಬವೇ ಇಲ್ಲ.

ನಮ್ಮ ಇನ್ನೊಂದು ದೊಡ್ಡ ಹಬ್ಬ ಸೆಪ್ಟೆಂಬರ್ 8ರ ತೆನೆ ಹಬ್ಬ, ಮೊಂತಿ ಫೆಸ್ತ್. ಅವತ್ತು ಮೀನಿಲ್ಲ, ಮಾಂಸವಿಲ್ಲ. ಹೊಸ ತೆನೆಯ ಕಾಳು, ಬಾಳೆಎಲೆ, ಅದರ ಮೇಲೆ ಬೆಸ ಸಂಖ್ಯೆಯಲ್ಲಿ ತರಕಾರಿ ಪದಾರ್ಥ, ಐದೋ ಏಳೋ ಒಂಬತ್ತೋ. ಏನು ಮಾಡಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಯಾರೂ ಹೆಚ್ಚಿಗೆ ಕೇಳುವ ಹಾಗೂ ಇಲ್ಲ. ಕ್ರಿಸ್ಮಸ್ಸಿಗೆ ಅಂಥ ಕಟ್ಟಳೆ ಇಲ್ಲ ನೋಡಿ, ತೊಂದರೆ ಇರುವುದೇ ಅಲ್ಲಿ. ಯಾರ್ಯಾರಿಗೆ ಏನೇನು ಇಷ್ಟವೋ ಅದೆಲ್ಲ ಬಂದು ಸೇರಿಕೊಳ್ಳುತ್ತದೆ.

ನಮ್ಮ ಮನೆಯದ್ದೇ ಹೇಳುತ್ತೇನೆ. ನಮ್ಮವರಿಗೆ ಸನ್ನಾಂ ಮತ್ತು ಹಂದಿ ಮಾಂಸದ ಬಾಫಾತ್. ಮಾವನಿಗೆ ಸಿಹಿ-ಹುಳಿಯ ಇಂದಾದ್. ಮೈದುನನಿಗೆ ಕೋಳಿ ರೋಸ್ಟ್. ಓರಗಿತ್ತಿಗೆ ತುಪ್ಪದನ್ನ. ಮಕ್ಕಳು ದೊಡ್ಡವರಾದ ಮೇಲೆ ಬಿರಿಯಾನಿ. ಪಟ್ಟಿಗೆ ಹೊಸದು ಸೇರಿದ್ದುಂಟು, ಹಳೆಯದು ಕಳೆದದ್ದಿಲ್ಲ. ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು, ಇಂದಾದ್ ಮಾತ್ರ ತಪ್ಪದೆ ಆಗುತ್ತಿತ್ತು.

ಇದರ ಮೇಲೆ ಸನ್ನಾಂ. ನೋಡಲು ಇಡ್ಲಿಯ ಅಕ್ಕನ ಹಾಗೆ ಇರುತ್ತದೆ. ಕರಾವಳಿಯಲ್ಲಿ ಹಿಟ್ಟಿಗೆ ಕಳ್ಳು ಹಾಕಿ ಉಬ್ಬಿಸುತ್ತಾರೆ, ನಮಗಿಲ್ಲಿ ಕಳ್ಳು ಸಿಗದ್ದರಿಂದ ಈಸ್ಟ್. ನನ್ನ ಹಬೆಪಾತ್ರೆಯಲ್ಲಿ ಒಂದು ಸಲಕ್ಕೆ 8 ಬಟ್ಟಲು ಹಿಡಿಯುತ್ತದೆ, ಬೇಯಲು 20 ನಿಮಿಷ. ಒಂಬತ್ತು ಜನಕ್ಕೆ 40 ಸನ್ನಾಂ ಎಂದರೆ ಐದು ಸಲ ಇಳಿಸಿ ಹತ್ತಿಸಬೇಕು. ಒಂದು ಗಂಟೆ ನಲವತ್ತು ನಿಮಿಷ! ಬಿಸಿಬಿಸಿಯಾಗಿ ಪಾತ್ರೆಯಿಂದ ತಟ್ಟೆಗೇ ಬೀಳಬೇಕು ಎನ್ನುವುದು ನಮ್ಮ ಅತ್ತೆಯ ನಿಯಮ. ಅವರು ತಿನ್ನುವಷ್ಟು ಹೊತ್ತೂ ನಾನು ನಿಂತಿರಬೇಕು. ಇಪ್ಪತ್ತು ವರ್ಷ ನನಗೆ ಈ ಸರಳ ಲೆಕ್ಕ ಹೊಳೆದಿರಲಿಲ್ಲ.

ಹೋದ ವರ್ಷ ನವೆಂಬರಿನಲ್ಲೇ ಒಂದು ಕೆಲಸ ಮಾಡಿದೆ. ಮನೆಯ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿದೆ. "ಹಬ್ಬದ ಊಟಕ್ಕೆ ನಿನಗೆ ಬೇಕೇಬೇಕು ಅನ್ನಿಸೋ ಪದಾರ್ಥ ಒಂದೇ ಒಂದು ಹೇಳು. ಎರಡು ಹೇಳಿದ್ರೆ ಒಂದೂ ಇಲ್ಲ." ಸೋದರಿಯರೇ, ನೀವೂ ಒಮ್ಮೆ ಕೇಳಿ ನೋಡಿ. ಆರು ಜನ ಸನ್ನಾಂ-ಬಾಫಾತ್ ಎಂದರು. ಬಿರಿಯಾನಿ ಎನ್ನುತ್ತಿದ್ದ ನನ್ನ ಮಗನೂ ಅದನ್ನೇ ಹೇಳಿದ. "ಬಿರಿಯಾನಿ ಯಾವಾಗ ಬೇಕಾದ್ರೂ ಹೋಟ್ಲಲ್ಲಿ ಸಿಗ್ತದಲ್ಲ" ಅಂತೆ. ಮೈದುನ "ರೋಸ್ಟ್ ನೀವು ಅಷ್ಟು ಕಷ್ಟಪಟ್ಟು ಮಾಡ್ತೀರಿ ಅಂತ ತಿನ್ನೋದು ಅತ್ತಿಗೆ" ಎಂದ. ಆ ರೋಸ್ಟಿಗಾಗಿ ನಾನು ಎಷ್ಟು ವರ್ಷ ಬೆಳಿಗ್ಗೆ ಐದಕ್ಕೆ ಎದ್ದಿದ್ದೇನೆ! ಅವನಿಗೇನು ಹೇಳಲಿ?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಮಾಂಸ ಬಿಟ್ಟು ಒಂದು ವರ್ಷವಾಗಿತ್ತು. ನನಗೆ ಬೇಜಾರಾಗುತ್ತದೆಂದು ಮನೆಯಲ್ಲಿ ಹೇಳಿರಲಿಲ್ಲ, ಆಗ ಹೇಳಿದಳು.

ಕೊನೆಗೆ ಅತ್ತೆ. ನಾವು ಮಾಂಯ್ ಅನ್ನುತ್ತೇವೆ. ಎಪ್ಪತ್ತೆಂಟು ವರ್ಷ. "ಮಾಂಯ್, ಇಂದಾದ್ ಮಾಡಬೇಕಲ್ಲ?" ಎಂದೆ. "ಅದು ಅವರಿಗೆ ಮಾಡ್ತಾ ಇದ್ದದ್ದು. ನನಗೆ ಆ ಹುಳಿ ಸೇರುವುದೇ ಇಲ್ಲ" ಎಂದರು. "ಹಾಗಾದ್ರೆ ನಿಮಗೇನು ಇಷ್ಟ?" ಎಂದು ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ತಾಯಿಮನೆಯಲ್ಲಿ ತೊಂಡೆಕಾಯಿಗೆ ಗೇರುಬೀಜ ಹಾಕಿ ಮಾಡ್ತಿದ್ರು" ಎಂದರು. ಈ ಮನೆಗೆ ಬಂದು ಐವತ್ತು ವರ್ಷ ದಾಟಿತು, ಹಬ್ಬಕ್ಕೆ ಅದು ಬೇಕೆಂದು ಅವರು ಒಮ್ಮೆಯೂ ಹೇಳಿದ್ದಿಲ್ಲ. ನಾನೂ ಕೇಳಿದವಳಲ್ಲ, ಆ ತಪ್ಪು ನನ್ನದೂ ಹೌದು.

ಸನ್ನಾಂ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳವೇ ಆಯಿತು. ಹಿಂದಿನ ಸಂಜೆ ಬೇಯಿಸಿಟ್ಟು ಮರುದಿನ ಐದು ನಿಮಿಷ ಹಬೆಯಲ್ಲಿ ಬಿಸಿ ಮಾಡಿದರೆ ಮೊದಲಿನಂತೆಯೇ ಮೆತ್ತಗಾಗುತ್ತದೆ. ಹಾಗೆ ಮಾಡುತ್ತೇನೆಂದಾಗ "ಹಬ್ಬಕ್ಕೆ ತಂಗಳು ಬಡಿಸುವುದಾ?" ಎಂದವರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಒಂದು ಭಾನುವಾರ ಯಾರಿಗೂ ಹೇಳದೆ ಹಿಂದಿನ ದಿನದ್ದನ್ನು ಬಿಸಿ ಮಾಡಿ ಬಡಿಸಿದೆ. ನಮ್ಮವರು ಏಳು ತಿಂದು ಎದ್ದರು, ಏನೂ ಗೊತ್ತಾಗಲಿಲ್ಲ. ಅತ್ತೆ ಒಂದು ಚೂರು ಬಾಯಿಗಿಟ್ಟು "ಇದು ನಿನ್ನೆಯದ್ದು" ಎಂದುಬಿಟ್ಟರು! ಆಮೇಲೆ ಅವರೇ, "ಬಿಸಿ ಮಾಡುವಾಗ ಮೇಲೊಂದು ಒದ್ದೆ ಬಟ್ಟೆ ಹಾಸು, ಒಣಗುವುದಿಲ್ಲ" ಎಂದರು. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಈಗ ಮಾಡುವ ಕ್ರಮ ಹೇಳುತ್ತೇನೆ. ಮಾಂಸ ತಿನ್ನದವರು ಬಾಫಾತ್ ದಾಟಿ ಮುಂದೆ ಹೋಗಿ.

ಬಾಫಾತಿಗೆ ಕೊಬ್ಬು ಸಹಿತವಾದ ಹಂದಿ ಮಾಂಸ 1 ಕಿಲೋ. ಪುಡಿಗೆ ಬ್ಯಾಡಗಿ ಮೆಣಸು 18-20, ಕೊತ್ತಂಬರಿ 2 ದೊಡ್ಡ ಚಮಚ, ಜೀರಿಗೆ ಮತ್ತು ಕಾಳುಮೆಣಸು ಒಂದೊಂದು ಸಣ್ಣ ಚಮಚ, ಸಾಸಿವೆ ಮತ್ತು ಅರಸಿನ ಅರ್ಧರ್ಧ ಸಣ್ಣ ಚಮಚ, ಲವಂಗ 5-6, ಒಂದಿಂಚು ದಾಲ್ಚಿನ್ನಿ. ಅರಸಿನ ಬಿಟ್ಟು ಉಳಿದದ್ದನ್ನು ಬೆಚ್ಚಗೆ ಮಾಡಿ ನುಣ್ಣಗೆ ಪುಡಿ ಮಾಡಿ, ಅರಸಿನ ಬೆರೆಸಿ. ಕೊಬ್ಬಿನ ತುಂಡುಗಳನ್ನು ಬೇರೆ ತೆಗೆದಿಡಿ. ಉಳಿದ ಮಾಂಸಕ್ಕೆ ಪುಡಿ, ಹೆಚ್ಚಿದ ಈರುಳ್ಳಿ 4, ಶುಂಠಿ ಎರಡಿಂಚು, ಬೆಳ್ಳುಳ್ಳಿ ಒಂದು ಗೆಡ್ಡೆ, ಸೀಳಿದ ಹಸಿಮೆಣಸು 5, ವಿನೆಗರ್ 2 ದೊಡ್ಡ ಚಮಚ, ಉಪ್ಪು ಸೇರಿಸಿ ಕಲಸಿ ಅರ್ಧ ಗಂಟೆ ಬಿಡಿ. ಒಗ್ಗರಣೆ ಬೇಡ, ಎಣ್ಣೆ ಬೇಡ. ಒಂದು ಲೋಟ ನೀರು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಮಾಂಸ ಮುಕ್ಕಾಲು ಬೆಂದ ಮೇಲೆ ಕೊಬ್ಬಿನ ತುಂಡು ಹಾಕಿ. ಮೊದಲೇ ಹಾಕಿದರೆ ಕರಗಿಹೋಗುತ್ತದೆ. ಎಲ್ಲ ಚೆನ್ನಾಗಿ ಮೆತ್ತಗಾದ ಮೇಲೆ ಇಳಿಸಿ. 24ರ ಬೆಳಿಗ್ಗೆಯೇ ಮಾಡಿ ಆರಿಸಿ ಫ್ರಿಜ್ಜಿನಲ್ಲಿಟ್ಟು ಮರುದಿನ ಚೆನ್ನಾಗಿ ಕುದಿಸಿ. ಹುಳಿ ಖಾರ ಒಳಗಿಳಿದು ಎರಡನೇ ದಿನವೇ ಇದಕ್ಕೆ ನಿಜವಾದ ರುಚಿ.

ಸನ್ನಾಂಗೆ ಕುಚ್ಚಲಕ್ಕಿ 3 ಲೋಟ, ಬೆಳ್ತಿಗೆ ಅಕ್ಕಿ 1 ಲೋಟ, ಉದ್ದಿನಬೇಳೆ 1 ಲೋಟ. ಆರು ಗಂಟೆ ನೆನೆಸಿ, ಇಡ್ಲಿ ಹಿಟ್ಟಿಗಿಂತ ನುಣ್ಣಗೆ ರುಬ್ಬಿ. ಉಗುರುಬೆಚ್ಚಗಿನ ನೀರಿನಲ್ಲಿ ಸಕ್ಕರೆ 2 ದೊಡ್ಡ ಚಮಚ, ಈಸ್ಟ್ 2 ಸಣ್ಣ ಚಮಚ ಕದಡಿ ನೊರೆ ಬಂದ ಮೇಲೆ ಉಪ್ಪಿನ ಜೊತೆ ಹಿಟ್ಟಿಗೆ ಸೇರಿಸಿ. ಮಲೆನಾಡಿನ ಚಳಿಗೆ ಉಬ್ಬಲು ನಾಲ್ಕು ಗಂಟೆ ಬೇಕು, ಒಲೆಯ ಹತ್ತಿರ ಇಡಿ. ಆಮೇಲೆ ಕದಡಬೇಡಿ. ಬಟ್ಟಲಿಗೆ ಅರ್ಧದಷ್ಟು ಮಾತ್ರ ಹೊಯ್ದು ಹಬೆಯಲ್ಲಿ ಬೇಯಿಸಿ.

ತೊಂಡೆಕಾಯಿ ಅರ್ಧ ಕಿಲೋ, ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ ಉದ್ದಕ್ಕೆ ಸೀಳಿ. ಎಳೆ ಗೇರುಬೀಜದ ಕಾಲ ಬೇಸಿಗೆ. ಡಿಸೆಂಬರಿಗೆ ಒಣಬೀಜ 100 ಗ್ರಾಂ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಹೋಳು ಮಾಡಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ 6 ಎಸಳು, ಒಣಮೆಣಸು 3 ಒಗ್ಗರಣೆಗೆ ಹಾಕಿ, ಎರಡನ್ನೂ ಸೇರಿಸಿ ಉಪ್ಪು ಹಾಕಿ, ನೀರು ಚಿಮುಕಿಸಿ ಮುಚ್ಚಿ ಬೇಯಿಸಿ. ಕೊನೆಗೆ ಅರ್ಧ ಲೋಟ ಕಾಯಿತುರಿ. ಬೆಳ್ಳುಳ್ಳಿ ಬಿಟ್ಟು ಮಾಡಿದ್ದನ್ನು ಎದುರುಮನೆಗೂ ಕೊಡಬಹುದು.

ಊಟಕ್ಕೆ ಇಷ್ಟೇ. ಜೊತೆಗೆ ನಮ್ಮವರು ಹೆಚ್ಚಿದ ಸೌತೆಕಾಯಿ-ಈರುಳ್ಳಿ. ಹೆಚ್ಚಿದ್ದು ಕಟ್ಟಿಗೆ ಸೀಳಿದ ಹಾಗಿತ್ತು, ನಾನು ಬಾಯಿ ಬಿಡಲಿಲ್ಲ.

ಹೋದ ಕ್ರಿಸ್ಮಸ್ಸಿಗೆ ಒಂದು ಗಂಟೆಗೆ ಎಲ್ಲವೂ ಮೇಜಿನ ಮೇಲಿತ್ತು. ನಾನು ಕೈತೊಳೆದು ಬಂದು ಕೂತೆ. ಕೂತರೆ ಏನು ಮಾಡಬೇಕೆಂದೇ ತೋಚಲಿಲ್ಲ. ಎರಡು ಸಲ ಸುಮ್ಮನೆ ಎದ್ದೆ, ಮಗಳು ಸೆರಗು ಹಿಡಿದು ಕೂರಿಸಿದಳು. ಆಗ ನೋಡಿದರೆ ಅತ್ತೆ ಇಲ್ಲ. ಅಡುಗೆಮನೆಯಲ್ಲಿ ಹಬೆಪಾತ್ರೆಯ ಪಕ್ಕ ನಿಂತಿದ್ದರು. "ನೀವೆಲ್ಲ ತಿನ್ನಿ, ನಾನು ಮತ್ತೆ ಕೂರ್ತೇನೆ" ಎಂದರು. ನಾನು ಮದುವೆಯಾಗಿ ಬರುವ ಮೊದಲು ಅಲ್ಲಿ ನಿಲ್ಲುತ್ತಿದ್ದವರು ಅವರು. ನಾನು ಬಂದ ಮೇಲೂ ನನ್ನ ಹಿಂದೆಯೇ ಇರುತ್ತಿದ್ದರು, ಬಟ್ಟಲಿಗೆ ಎಣ್ಣೆ ಸವರಿಕೊಡುತ್ತಾ. ಅವರ ಊಟವೂ ನನ್ನ ಜೊತೆ ಮೂರು ಗಂಟೆಗೇ ಆಗುತ್ತಿತ್ತು. ನನ್ನ ಇಪ್ಪತ್ತೆರಡು ಎಣಿಸಿದವಳು ಅವರದ್ದು ಎಷ್ಟು ಎಂದು ಎಣಿಸಿರಲಿಲ್ಲ.

ನಮ್ಮವರು ಎದ್ದುಹೋಗಿ ಕೈಹಿಡಿದು ಕರೆತಂದರು. ತಮ್ಮ ತಟ್ಟೆಗೆ ತೊಂಡೆಕಾಯಿ ಬಡಿಸಿದಾಗ ಬೀಜ ಒಂದನ್ನು ಮೊದಲು ಹೆಕ್ಕಿ ತಿಂದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. "ಉಪ್ಪು ಸ್ವಲ್ಪ ಕಮ್ಮಿ" ಎಂದರು. ಮತ್ತೆ ಎರಡು ಸಲ ಹಾಕಿಸಿಕೊಂಡರು.

ಈ ವರ್ಷ ನಾದಿನಿಯ ಸಂಸಾರವೂ ಉಡುಪಿಯಿಂದ ಬರುವುದಿದೆ, ಹದಿನಾಲ್ಕು ಜನ. 60 ಸನ್ನಾಂ ಬೇಕು. 24ರ ಸಂಜೆ ಬೇಯಿಸುವ ಕೆಲಸ ಮಗನಿಗೆ ಒಪ್ಪಿಸಿದ್ದೇನೆ. ಕಡ್ಡಿ ಚುಚ್ಚಿ ಹಿಟ್ಟು ಅಂಟದಿದ್ದರೆ ಬೆಂದ ಹಾಗೆ ಎಂದು ಹೇಳಿಕೊಟ್ಟಾಗಿದೆ. ಮೊನ್ನೆ ನಾದಿನಿ ಫೋನ್ ಮಾಡಿ, "ಅತ್ತಿಗೆ, ಇಂದಾದ್ ಮಾಡ್ತೀರಲ್ಲಾ? ಪಪ್ಪನಿಗೆ ಅಷ್ಟು ಇಷ್ಟ ಇತ್ತು" ಎಂದಳು. "ಬರುವಾಗ ನೀನೇ ಮಾಡ್ಕೊಂಡು ಬಾ" ಎಂದೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ, "ವಿನೆಗರ್ ಎಷ್ಟು ಹಾಕಬೇಕು?" ಎಂದು ಕೇಳಿದಳು.

ಇದನ್ನು ಬರೆಯುತ್ತಿರುವಾಗ ಕಿಡಿಯೊ ಹಿಟ್ಟು ಕಲಸಿ ಮುಚ್ಚಿಟ್ಟು ಬಂದಿದ್ದೇನೆ. ಸುರುಳಿ ಸುತ್ತಲು ತಂದಿಟ್ಟ ಹೊಸ ಬಾಚಣಿಗೆ ಎಲ್ಲಿ ಹೋಯಿತೋ, ಹುಡುಕಬೇಕು. ಎದುರುಮನೆಯವರ ತಟ್ಟೆಗೆ ಮೊದಲು ಹೋಗುವುದು ಅದೇ. ಅದಕ್ಕೆ ಮೊಟ್ಟೆ ಹಾಕಿಲ್ಲ.