ಕುಡಿತ ಬಿಡುವವರಿಗೆ ಜೊತೆ ಬೇಕು



ಹೊಸಕೋಟೆ, ಮಾಲೂರು, ಕೋಲಾರದ ಕಡೆಯಿಂದ ಸೊಪ್ಪು, ಹುರುಳಿಕಾಯಿ, ಟೊಮೇಟೊ ತುಂಬಿದ ಗಾಡಿಗಳು ಬೆಳಗಿನ ಜಾವ ಕೆ.ಆರ್.ಪುರ ದಾಟಿ ಬೆಂಗಳೂರು ಸೇರುವುದನ್ನು ನೀವೆಲ್ಲ ಬಲ್ಲಿರಿ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಮಾಲು ಹಾಕಿ, ಲೆಕ್ಕ ಚುಕ್ತಾ ಆಗಿ ಕೈಗೆ ದುಡ್ಡು ಬರುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ, ರಾತ್ರಿ ನಿದ್ದೆಗೆಟ್ಟ ಮೈ ನೋಯುತ್ತಿರುತ್ತದೆ. ಪೇಟೆಯಲ್ಲಿ ಹೆಂಡದಂಗಡಿಗೆ ಬರವಿಲ್ಲ. ಮೂರು ತಿಂಗಳು ನೀರು ಕಟ್ಟಿ ಬೆಳೆದದ್ದರ ಅರ್ಧ ಹಣ ಅಲ್ಲೇ ಕರಗಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಬೀಜ, ಗೊಬ್ಬರದ ಖರ್ಚು ಬರೆದಿಡುವ ನಾವು ಈ ಖರ್ಚನ್ನು ಮಾತ್ರ ಬರೆಯುವುದಿಲ್ಲ.

ಅಂಗಡಿ ಮುಚ್ಚಿಸಿದರೆ ಸಾಕು ಎನ್ನುವವರಿದ್ದಾರೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರದ ಸುತ್ತ ಹಾಗೂ ಗಡಿಯಾಚೆಯ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಜೇಕನ್ನು ಮೇಲೆ ಮೇಲೆ ಕೊಯ್ದರೆ ಗಡ್ಡೆ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಕುಡಿತದ ಚಟವೂ ಹಾಗೆಯೇ. ಅದು ಬರಿಯ ಕೆಟ್ಟ ನಡತೆಯಲ್ಲ, ಕಾಯಿಲೆ ಎಂದು ವೈದ್ಯರು ಹೇಳುತ್ತಾರೆ. ಬೈದರೆ, ದೇವರ ಮುಂದೆ ಆಣೆ ಹಾಕಿಸಿದರೆ ನಾಲ್ಕು ದಿನ ನಿಲ್ಲಬಹುದು. ಐದನೆಯ ದಿನಕ್ಕೆ ಜೊತೆ ಬೇಕು.

ಆ ಜೊತೆ ಅದೇ ಪೇಟೆಯಲ್ಲಿ ಸಿಗುತ್ತದೆ. ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ 1935ರಲ್ಲಿ ಕುಡಿತದಿಂದ ನೊಂದ ಇಬ್ಬರು, ಒಬ್ಬ ಷೇರು ದಳ್ಳಾಳಿ ಮತ್ತು ಒಬ್ಬ ಡಾಕ್ಟರು, ಎದುರುಬದುರು ಕೂತು ತಮ್ಮ ಕಷ್ಟ ಹೇಳಿಕೊಂಡರು. ಅಲ್ಲಿಂದ ಹುಟ್ಟಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್. ಜನ ಅದನ್ನು ‘ಎ.ಎ.’ ಎನ್ನುತ್ತಾರೆ. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಇದರ ಸಭೆಗಳು ನಡೆಯುತ್ತವೆ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಸಭೆಗಳಿವೆ.

ಸಭೆ ಎಂದರೆ ಭಾಷಣವಲ್ಲ. ಚರ್ಚಿನ ಕೋಣೆಯಲ್ಲೋ ಶಾಲೆಯ ಕೊಠಡಿಯಲ್ಲೋ ಹತ್ತಿಪ್ಪತ್ತು ಜನ ಕೂರುತ್ತಾರೆ. ಕುಡಿದು ಏನು ಕಳೆದುಕೊಂಡೆ, ಹೇಗೆ ಬಿಟ್ಟೆ ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ಮನಸ್ಸಿಲ್ಲದವರು ಸುಮ್ಮನೆ ಕೇಳಬಹುದು. ಪೂರ್ತಿ ಹೆಸರು, ಊರು, ಜಾತಿ ಯಾರೂ ಕೇಳುವುದಿಲ್ಲ. ಅಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದೆಂಬುದು ಕಟ್ಟುಪಾಡು. ಚರ್ಚಿನಲ್ಲಿ ಸೇರಿದರೂ ಅದು ಮತಪ್ರಚಾರವಲ್ಲ. ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಸಾಕು. ಜನ್ಮಪೂರ್ತಿ ಬಿಡುತ್ತೇನೆ ಎಂಬ ಶಪಥವನ್ನೂ ಕೇಳುವುದಿಲ್ಲ. ‘ಇವತ್ತೊಂದು ದಿನ ಕುಡಿಯುವುದಿಲ್ಲ’ ಎಂದರಾಯಿತು. ನಾಳೆಯ ಮಾತು ನಾಳೆಗೆ. ಜಾರಿಬಿದ್ದು ಮತ್ತೆ ಬಂದವನನ್ನು ಹೀಯಾಳಿಸದೆ ಕೂರಿಸಿಕೊಳ್ಳುತ್ತಾರೆ. ಕುಡುಕರ ಮನೆಯವರಿಗೆಂದೇ ಅಲ್‌ಅನಾನ್ ಎಂಬ ಬೇರೆ ಕೂಟವಿದೆ.

ಹುಡುಕುವುದು ಹೇಗೆ? 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್; ಇದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ಕರೆ ಉಚಿತ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಇಲ್ಲವೇ ನಿಮ್ಮ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನೂ ವಿಚಾರಿಸಿ. ಕನ್ನಡ ಸಭೆ ಎಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳಿ. ಮನೆಯವರು ಜೊತೆಗೆ ಬರುವುದಾದರೆ ಎಲ್ಲರಿಗೂ ಪ್ರವೇಶವಿರುವ ‘ಓಪನ್’ ಸಭೆ ಯಾವುದೆಂದು ಕೇಳಿ. ಹಲವು ಸಭೆಗಳು ಸಂಜೆಯ ಹೊತ್ತಿನವು. ಕೆ.ಆರ್.ಪುರ, ಇಂದಿರಾನಗರ, ಹಲಸೂರು ಮೂರು ಕಡೆಯೂ ಮೆಟ್ರೊ ನಿಲ್ದಾಣವಿದೆ. ಊರಿಗೆ ಮರಳುವ ಕೊನೆಯ ಬಸ್ಸಿನ ವೇಳೆಯನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ಬೆಳಗ್ಗೆ ಎದ್ದೊಡನೆ ಕುಡಿಯುವವರು, ಕುಡಿಯದಿದ್ದರೆ ಕೈ ನಡುಗುವವರು ಮನೆಯಲ್ಲೇ ದಿಢೀರನೆ ಬಿಡಬಾರದು. ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಪ್ರಾಣಕ್ಕೂ ಅಪಾಯ. ಮೊದಲು ವೈದ್ಯರ ಬಳಿ ಹೋಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಸಭೆ ಔಷಧಿಗೆ ಬದಲಲ್ಲ. ಔಷಧಿ ಮುಗಿದ ಮೇಲೆ ಕಾಯುವ ಬೇಲಿ.

ಬೆಂಗಳೂರು ದೂರವೆನ್ನುವವರು ನಮ್ಮ ರಾಜ್ಯದಲ್ಲೇ ನಡೆದಿರುವ ಇನ್ನೊಂದು ಕೆಲಸವನ್ನು ನೋಡಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ಊರಿಗೆ ಮರಳಿ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಹೆಸರು ಬೇರೆ, ದಾರಿ ಬೇರೆ. ಬಿಟ್ಟವನೇ ಬಿಡುವವನಿಗೆ ಆಸರೆ ಎಂಬ ತತ್ವ ಒಂದೇ. ಇಬ್ಬರಿದ್ದರೆ ಶುರು ಮಾಡಬಹುದು. ಆಕ್ರನ್ನಿನಲ್ಲೂ ಇದ್ದವರು ಇಬ್ಬರೇ. ನಿಮ್ಮ ವಾಚನಾಲಯದ ಕೋಣೆ ವಾರಕ್ಕೊಂದು ಸಂಜೆ ಇದಕ್ಕೆ ಬಿಟ್ಟುಕೊಟ್ಟರೆ ಪಂಚಾಯಿತಿಗೆ ನಷ್ಟವೇನಿಲ್ಲ.

ಕಡೆಯದಾಗಿ ಒಂದು ಮಾತು. ಇದನ್ನು ನಾಲ್ಕು ಜನರಿಗೆ ಗಟ್ಟಿಯಾಗಿ ಓದಿ ಹೇಳುವವರು ಯಾರ ಮುಖವನ್ನೂ ನೋಡಿ ಓದಬೇಡಿ. ಎಲ್ಲರೂ ಎದ್ದು ಹೋದ ಮೇಲೆ ಒಬ್ಬರು ಹಿಂದೆ ಉಳಿದು ಆ ನಂಬರು ಕೇಳಿದರೆ, ಏಕೆಂದು ಕೇಳದೆ ಬರೆದುಕೊಡಿ.