ಸೈಕಲ್ಲಿಗೆ ಕಟ್ಟಿದ ನಾಯಿ ‘ಸಾಕು’ ಅನ್ನೋದಿಲ್ಲ

ಮೊನ್ನೆ ಮೂಡಲಗಿ ಕಡೆಯ ಮೂವರು ಹುಡುಗರು ಸಿಕ್ಕಿದ್ದರು. ದೀಪಾವಳಿ ಮುಗಿಸಿಕೊಂಡು ಸೈಕಲ್ ಮೇಲೆ ಗೋವಾಕ್ಕೆ ಹೊರಡುತ್ತಾರಂತೆ. ಗೋಕಾಕ, ಹುಕ್ಕೇರಿ, ಸಂಕೇಶ್ವರ, ಅಲ್ಲಿಂದ ಗಡಹಿಂಗ್ಲಜ, ಆಜರಾ, ಆಮೇಲೆ ಅಂಬೋಲಿ ಘಾಟ ಇಳಿದರೆ ಗೋವಾ. ಟೆಂಟು, ಪವರ್ ಬ್ಯಾಂಕು, ಯಾವ ಊರಲ್ಲಿ ಯಾರ ಮನೆಯಲ್ಲಿ ವಸ್ತಿ, ಎಲ್ಲ ಫೋನಿನಲ್ಲಿ ಬರೆದಿಟ್ಟಿದ್ದಾರೆ. ಜೊತೆಗೆ ಒಂದು ಮುಧೋಳ ನಾಯಿ.

‘ನಾಯಿ ಹೆಂಗ ಬರತೈತಿ ತಮ್ಮಾ?’ ಅಂತ ಕೇಳಿದೆ.

‘ಓಡಕೋತ ಬರತೈತಿ ಅಣ್ಣಾ. ಮುಧೋಳ ನಾಯಿ ಅದು, ಅದಕ್ಕೇನಾಗತೈತಿ?’

ಆ ಪ್ಲಾನಿನಲ್ಲಿ ಸೈಕಲ್ ಟ್ಯೂಬಿಗೆ ಪಂಕ್ಚರ್ ಕಿಟ್ ಇತ್ತು. ನಾಯಿಯ ಪಾದಕ್ಕೆ ಏನೂ ಇರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ಈ ಹುಡುಗರ ವಿರುದ್ಧ ಇಲ್ಲ. ಕಟ್ಟೆ ಮೇಲೆ ಕೂತು ‘ಸೈಕಲ್ ಮ್ಯಾಲೆ ಗೋವಾ? ಅದೂ ನಾಯಿ ಕರಕೊಂಡು? ತಲಿ ಕೆಟ್ಟೈತೇನು?’ ಅಂತ ನಗುವ ಹಿರಿಯರ ಪಕ್ಷವೂ ನನ್ನದಲ್ಲ. ಹೋಗಲಿ, ನಾಯಿಯನ್ನೂ ಕರೆದುಕೊಂಡೇ ಹೋಗಲಿ. ನನ್ನ ತಕರಾರು ಒಂದೇ: ದೊಡ್ಡ ನಾಯಿಯನ್ನು ಹಗ್ಗದಲ್ಲಿ ಸೈಕಲ್ಲಿಗೆ ಕಟ್ಟಿ ಊರಿಂದ ಊರಿಗೆ ಓಡಿಸಬಾರದು. ಅದನ್ನು ಕೂರಿಸಿ ಎಳೆದುಕೊಂಡು ಹೋಗುವ ತಾಕತ್ತು ನಿಮಗಿದ್ದರೆ ಕರೆದೊಯ್ಯಿರಿ. ಇಲ್ಲದಿದ್ದರೆ ಮನೆಯಲ್ಲಿ ಬಿಡಿ.

ಇದನ್ನು ಹೇಳುವ ಹಕ್ಕು ನನಗೆ ಹೇಗೆ ಬಂತು ಅಂದರೆ, ನಾನೇ ಆ ತಪ್ಪು ಮಾಡಿದವನು. ನಮ್ಮ ಭೀಮ ಮುಧೋಳ ತಳಿಯ ಬೆರಕೆ. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ, ಬೆಳಿಗ್ಗೆ ಹತ್ತರ ಸುಮಾರಿಗೆ, ಅದನ್ನು ಸೈಕಲ್ ಹಿಡಿಕೆಗೆ ಕಟ್ಟಿಕೊಂಡು ಗೋಕಾಕ-ಮೂಡಲಗಿ ರಸ್ತೆಯಲ್ಲಿ ಹೊರಟೆ. ರೀಲ್ಸ್ ಮಾಡಬೇಕಿತ್ತು. ಭೀಮ ಕಿವಿ ಹಿಂದಕ್ಕೆ ಮಾಡಿ, ನಾಲಿಗೆ ಹೊರಹಾಕಿ ಓಡಿದ. ನಾನು ಅದನ್ನು ಖುಷಿ ಅಂದುಕೊಂಡೆ. ಐದಾರು ಕಿ.ಮೀ. ಆದಮೇಲೆ ಒಂದು ಬೇವಿನ ಗಿಡದ ಕೆಳಗೆ ನಿಂತಾಗ ನೋಡಿದರೆ ಮುಂಗಾಲಿನ ಪಾದದ ಮೆತ್ತೆ ಸುಲಿದು ಕೆಂಪಗಾಗಿತ್ತು. ಹಿಂದೆ ಡಾಂಬರಿನ ಮೇಲೆ ಸಣ್ಣ ಸಣ್ಣ ರಕ್ತದ ಗುರುತು. ಅಷ್ಟು ದೂರ ಅದು ಒಮ್ಮೆಯೂ ಕುಂಯ್ ಅನ್ನಲಿಲ್ಲ. ಹಾಲಿನ ಗಾಡಿಯೊಂದರಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಪಟ್ಟಿ ಕಟ್ಟುತ್ತಾ ಕೇಳಿದ್ದು ಇಷ್ಟೇ: ‘ನೀವು ಚಪ್ಪಲಿ ಬಿಟ್ಟು ಬಂದಿದ್ರೇನು?’

ರೀಲ್ಸಿಗೆ ಆಗಲೇ ಲೈಕ್ ಬೀಳತೊಡಗಿದ್ದವು. ಭೀಮ ಮೂರು ವಾರ ಕುಂಟಿದ.

ಲೆಕ್ಕ ನೋಡಿ. ಗಾಳಿಯ ಉಷ್ಣಾಂಶ 31 ಡಿಗ್ರಿ ಇದ್ದ ದಿನವೂ ಬಿಸಿಲಿನಲ್ಲಿ ಕಾದ ಡಾಂಬರು 60 ಡಿಗ್ರಿ ದಾಟಬಲ್ಲದು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನ ಮಾತು ಬಿಡಿ. ನಿಮ್ಮ ಕೈ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ಏಳರವರೆಗೆ ಇಡಲಾಗದಿದ್ದರೆ ನಾಯಿಯ ಪಾದವನ್ನೂ ಅಲ್ಲಿ ಇಡಿಸಬೇಡಿ. ಇನ್ನು ಬೆವರು. ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ, ಸೈಕಲ್ ತುಳಿಯುವಾಗ ಗಾಳಿ ಬಡಿದು ತಂಪಾಗುತ್ತದೆ. ನಾಯಿ ಬೆವರುವುದು ಬಹುಮಟ್ಟಿಗೆ ಪಾದದಲ್ಲಿ ಮಾತ್ರ, ಉಳಿದ ಶಾಖವನ್ನೆಲ್ಲ ತೇಕಿ ತೇಕಿ ಬಾಯಿಂದಲೇ ಹೊರಹಾಕಬೇಕು. ನಿಮಗೆ ಹಾಯ್ ಅನ್ನಿಸುವ ವೇಗದಲ್ಲಿ ಅದು ಒಳಗೇ ಕುದಿಯುತ್ತಿರುತ್ತದೆ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ.

ಇಲ್ಲಿ ಎಲ್ಲರೂ ತೆಗೆಯುವ ಒಂದು ವಾದವಿದೆ. ‘ಯಮಗರ್ಣಿ ಮಹಾರಾಜ 250 ಕಿಲೋಮೀಟರ್ ನಡಕೊಂಡು ಬರ್ಲಿಲ್ಲೇನ?’

ಬಂತು. ಹುಕ್ಕೇರಿಯಿಂದ ದೂರವೇನಲ್ಲ, ನಿಪ್ಪಾಣಿ ತಾಲೂಕಿನ ಯಮಗರ್ಣಿ. ಅಲ್ಲಿನ ಕಪ್ಪು ನಾಯಿ ಮಹಾರಾಜ 2024ರ ಜೂನ್ ಕೊನೆಗೆ ಊರಿನ ವಾರಕರಿಯೊಬ್ಬರ ಹಿಂದೆ ಪಂಢರಪುರದ ಪಾದಯಾತ್ರೆಗೆ ಹೋಯಿತು. ಅಲ್ಲಿ ಜನಸಂದಣಿಯಲ್ಲಿ ತಪ್ಪಿಸಿಕೊಂಡಿತು. ಹುಡುಕಿದರೂ ಸಿಗದೆ ಅವರು ಊರಿಗೆ ಮರಳಿದ ಮೇಲೆ, ಜುಲೈ ಮಧ್ಯದಲ್ಲಿ, ಸುಮಾರು 250 ಕಿ.ಮೀ. ದಾರಿ ತಾನೇ ಹಿಡಿದು ಬಂದು ಅವರ ಮನೆ ಮುಂದೆ ಬಾಲ ಅಲ್ಲಾಡಿಸುತ್ತಾ ನಿಂತಿತು. ಊರವರು ಹಾರ ಹಾಕಿ ಊಟ ಹಾಕಿಸಿದರು. ಓದಿದಾಗ ನನ್ನ ಕಣ್ಣಲ್ಲೂ ನೀರು ಬಂತು.

ಆದರೆ ಮಹಾರಾಜನ ಕೊರಳಲ್ಲಿ ಹಗ್ಗ ಇತ್ತೇ? ಅದು ತನಗೆ ಬೇಕಾದಾಗ ನಡೆಯಿತು, ಬೇಡವಾದಾಗ ಮಲಗಿತು. ಬಿಸಿಲು ಹೆಚ್ಚಾದರೆ ನೆರಳು ಹಿಡಿಯಲು, ರಸ್ತೆ ಸುಟ್ಟರೆ ಪಕ್ಕದ ಮಣ್ಣಿಗೆ ಇಳಿಯಲು ಯಾರನ್ನೂ ಕೇಳಬೇಕಿರಲಿಲ್ಲ. ಮೇಲಾಗಿ ಅದು ಮಳೆಗಾಲ. ಸೈಕಲ್ಲಿಗೆ ಕಟ್ಟಿದ ನಾಯಿಗೆ ಈ ಒಂದೂ ಸ್ವಾತಂತ್ರ್ಯ ಇಲ್ಲ. ಅದರ ವೇಗ ನಿಮ್ಮ ಪೆಡಲ್ಲಿನಲ್ಲಿದೆ. ಯಜಮಾನ ಮುಂದೆ ಹೋಗುತ್ತಿದ್ದರೆ ನಾಯಿ ಕುಸಿಯುವವರೆಗೂ ಓಡುತ್ತದೆ. ಅದನ್ನು ನಾವು ನಿಯತ್ತು ಅನ್ನುತ್ತೇವೆ, ಆಮೇಲೆ ಅದೇ ನಿಯತ್ತಿನ ಮೇಲೆ ಸವಾರಿ ಮಾಡುತ್ತೇವೆ.

ಸ್ವಂತ ಇಷ್ಟದಿಂದ ನಡೆದರೂ ಪಾದ ಉಳಿಯುವ ಗ್ಯಾರಂಟಿ ಇಲ್ಲ. 2019ರಲ್ಲಿ ತಿರುಮಲದಿಂದ ಶಬರಿಮಲೆಗೆ ಹೊರಟಿದ್ದ 13 ಮಂದಿ ಅಯ್ಯಪ್ಪ ಭಕ್ತರ ಹಿಂದೆ ಒಂದು ಬೀದಿನಾಯಿ ಬಿದ್ದಿತ್ತು. ಚಿಕ್ಕಮಗಳೂರಿನ ಕೊಟ್ಟಿಗೆಹಾರ ಮುಟ್ಟುವಾಗ 480 ಕಿ.ಮೀ. ನಡೆದಿತ್ತು. ಅದರ ಫೋಟೋ ದೇಶವೆಲ್ಲ ಓಡಾಡಿತು. ಪಾದಕ್ಕೆ ಗಾಯವಾಗಿ ದಾರಿಯಲ್ಲಿ ಪಶುವೈದ್ಯರಿಗೆ ತೋರಿಸಬೇಕಾದ ಸಂಗತಿ ಅಷ್ಟು ಓಡಾಡಲಿಲ್ಲ. ಅದೂ ಮನುಷ್ಯನ ನಡಿಗೆಯ ವೇಗ, ಸೈಕಲ್ಲಿನದಲ್ಲ.

‘ಮುಧೋಳ ನಾಯಿ ಬ್ಯಾರೆ’ ಅನ್ನುವವರಿಗೆ ಎರಡು ಮಾತು. ಪಕ್ಕದ ಮುಧೋಳದ ಹೆಮ್ಮೆ ನಮ್ಮದೂ ಹೌದು. ಘೋರ್ಪಡೆ ರಾಜರು ಸಾಕಿ ಬೆಳೆಸಿದ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, ಸೇನೆಯವರೂ ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಎಲ್ಲ ಖರೆ. ಆದರೆ ಅದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ಹೊಲದಲ್ಲಿ ಮೊಲ ಎದ್ದರೆ ಬಾಣದಂತೆ ಹೋಗಿ, ಹಿಡಿದು ಇಲ್ಲವೇ ಬಿಟ್ಟು, ಬಂದು ಮಲಗುತ್ತದೆ. ಮಣ್ಣಿನ ಮೇಲೆ ಕೆಲವು ನಿಮಿಷದ ಓಟ ಅದರದು. ಡಾಂಬರಿನ ಮೇಲೆ ದಿನಕ್ಕೆ ಐದು ತಾಸು ಒಂದೇ ಸಮ ಓಡುವುದು ಬೇರೆಯೇ ಕೆಲಸ. ಹೊಲದಲ್ಲಿ ಓಡುವುದನ್ನು ನೋಡಿ ಹೆದ್ದಾರಿಗೆ ಕಟ್ಟುವುದು, ಕುಸ್ತಿ ಪೈಲ್ವಾನನನ್ನು ನೋಡಿ ಕಬ್ಬು ಕಡಿಯಲು ಕರೆದಂತೆ. ಈಗ ಮನೆಮನೆಗೂ ಬಂದಿರುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಂತೂ ದಪ್ಪ ಕೂದಲು ಹೊತ್ತು ನಮ್ಮ ಬಿಸಿಲಿನಲ್ಲಿ ಸುಮ್ಮನೆ ಕೂತರೂ ತೇಕುತ್ತವೆ. ಒಂದೂವರೆ ವರ್ಷ ತುಂಬದ ದೊಡ್ಡ ತಳಿಯ ನಾಯಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಅದನ್ನು ಸೈಕಲ್ ಪಕ್ಕ ಓಡಿಸುವ ಮಾತೇ ಬೇಡ.

ಕಾನೂನು ಇಲ್ಲವೇ ಅಂದರೆ, ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯನ್ನು ಮಿತಿಮೀರಿ ಓಡಿಸುವುದೂ ಅಪರಾಧವೇ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ. ಗೋಕಾಕ ಸ್ಟ್ಯಾಂಡಿನಲ್ಲಿ ನಾಷ್ಟಾ, ಚಹಾ ಮಾಡಿದರೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಹಾಗಾಗಿ ಪೊಲೀಸರು ನೋಡಿಕೊಳ್ಳುತ್ತಾರೆ ಅಂತ ಕೂರುವಂತಿಲ್ಲ, ನಾವೇ ಮಾತಾಡಬೇಕು.

ಸರಿ, ಹೋಗುವುದೇ ಖಾತ್ರಿ ಆದರೆ ಪ್ಲಾನು ಎಲ್ಲಿಂದ ಶುರುವಾಗಬೇಕು? ತೂಕದಿಂದ. ಡೀನ್ ನಿಕೋಲ್ಸನ್ ಅನ್ನುವ ಸ್ಕಾಟ್ಲೆಂಡಿನ ಯುವಕ ಬೆಕ್ಕು ಕೂರಿಸಿಕೊಂಡು ದೇಶದೇಶ ಸೈಕಲ್ ತುಳಿದ ವಿಡಿಯೋ ನೀವೂ ನೋಡಿರುತ್ತೀರಿ. ಅದು ಬೆಕ್ಕು, ಹಿಡಿಕೆ ಮುಂದಿನ ಚೀಲದಲ್ಲಿ ಹಿಡಿಯಿತು. ಮುಧೋಳ ನಾಯಿ 25 ಕೆ.ಜಿ. ಆಸುಪಾಸು. ಅದಕ್ಕೆ ಹಿಂದೆ ಎಳೆಯುವ ಎರಡು ಗಾಲಿಯ ಬಂಡಿಯೇ ಬೇಕು.

ಬಂಡಿ ವಿದೇಶದಿಂದ ತರಿಸಬೇಕಾಗಿಲ್ಲ. ಕಬ್ಬಿನ ಟ್ರೇಲರ್ ಬೆಸೆಯುವ ನಮ್ಮ ವೆಲ್ಡಿಂಗ್ ಅಂಗಡಿಯವರಿಗೆ ಇದು ಅರ್ಧ ದಿನದ ಕೆಲಸ. ಹಳೆ ಸಣ್ಣ ಸೈಕಲ್ಲಿನ ಎರಡು ಗಾಲಿ, ತೆಳು ಚೌಕ ಪೈಪು, ಪ್ಲೈವುಡ್ ತಳ, ಮೇಲೆ ಗಾಳಿಯಾಡುವ ನೆರಳು ಬಲೆ. ತಳ ಆದಷ್ಟು ನೆಲಕ್ಕೆ ಹತ್ತಿರ ಇರಲಿ, ಇಲ್ಲದಿದ್ದರೆ ತಿರುವಿನಲ್ಲಿ ಬಂಡಿ ಮಗುಚುತ್ತದೆ. ನಾಯಿ ಉದ್ದಕ್ಕೆ ಮಲಗಿ ಮಗ್ಗಲು ಬದಲಿಸುವಷ್ಟು ಜಾಗ ಬೇಕು. ಒಳಗೆ ಕಟ್ಟುವುದಾದರೆ ಎದೆಪಟ್ಟಾಕ್ಕೆ ಗಿಡ್ಡ ಹಗ್ಗ. ಕೊರಳಪಟ್ಟಾಕ್ಕೆ ಕಟ್ಟಿದರೆ, ಅದು ಹೊರಗೆ ಜಿಗಿದ ದಿನ ಉರುಲಾಗುತ್ತದೆ. ಬಂಡಿ, ನಾಯಿ, ನೀರು, ಸಾಮಾನು ಎಲ್ಲ ಸೇರಿ ಹಿಂದೆ 45 ಕೆ.ಜಿ. ಮೀರುತ್ತದೆ. ಏರಿನಲ್ಲಿ ಕಾಲು ಬೀಳುತ್ತದೆ, ಇಳಿಜಾರಿನಲ್ಲಿ ಆ ಭಾರ ನಿಮ್ಮನ್ನು ಮುಂದಕ್ಕೆ ನೂಕುತ್ತದೆ. ಅಂಬೋಲಿ ಘಾಟನ್ನು ಸವೆದ ಬ್ರೇಕ್ ರಬ್ಬರಿನಲ್ಲಿ ಇಳಿಯುವ ಧೈರ್ಯ ಇದ್ದವರು ಒಂದು ಸಲ ಹಿಡಕಲ್ ಡ್ಯಾಮಿನ ಕಡೆಯ ಇಳಿಜಾರಿನಲ್ಲಿ ಬಂಡಿಗೆ 45 ಕೆ.ಜಿ. ಮರಳು ಹಾಕಿಕೊಂಡು ನೋಡಿ. ನಾಯಿ ಬೇಡ, ಮರಳು.

ಬಂಡಿಗೆ ನಾಯಿ ಒಗ್ಗಲು ತಿಂಗಳಾದರೂ ಬೇಕು. ಮೊದಲು ಅಂಗಳದಲ್ಲಿ ನಿಲ್ಲಿಸಿ ಅದರಲ್ಲೇ ರೊಟ್ಟಿ ಹಾಕಿ. ಆಮೇಲೆ ಓಣಿ ಸುತ್ತ, ಆಮೇಲೆ ಹೊಲದ ತನಕ. ಭೀಮ ಹದಿನೈದು ದಿನ ಬಂಡಿಯ ನೆರಳಿಗೂ ಹೋಗಲಿಲ್ಲ, ಹದಿನಾರನೇ ದಿನ ತಾನೇ ಹತ್ತಿ ಮಲಗಿದ.

ಒಂಟಿಯಾಗಿ ಹೋದರೆ ದಿನಕ್ಕೆ 80-100 ಕಿ.ಮೀ. ತುಳಿಯುವವರು ಬಂಡಿ ಕಟ್ಟಿದಾಗ 40 ಹಿಡಿಯಿರಿ. ಗಂಟೆಗೊಮ್ಮೆ ನಿಂತು, ಹಗ್ಗ ಕೈಯಲ್ಲಿ ಹಿಡಿದು ಮಣ್ಣಿನ ಮೇಲೆ ನಡೆಸಿ, ನೀರು ಕೊಡಿ. ಹೊಟ್ಟೆ ತುಂಬ ಊಟ ಸಂಜೆಗೆ. ಎದೆ ಆಳವಾದ ದೊಡ್ಡ ನಾಯಿ ಉಂಡ ಕೂಡಲೇ ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಅದಾದರೆ ಕೆಲವೇ ತಾಸಿನಲ್ಲಿ ಸಾವು. ದಾರಿಯಲ್ಲಿ ಪ್ರೀತಿಗೆ ಜನ ಏನೇನೋ ತಿನ್ನಿಸುತ್ತಾರೆ. ಒಣದ್ರಾಕ್ಷಿ ಹಾಕಿದ ಗೋಕಾಕ ಕರದಂಟು ನಮಗೆ ಅಮೃತ, ನಾಯಿಯ ಮೂತ್ರಪಿಂಡಕ್ಕೆ ಆ ದ್ರಾಕ್ಷಿಯೇ ವಿಷ. ಉಳ್ಳಾಗಡ್ಡಿ ಹಾಕಿದ ಪಲ್ಯವೂ ಬೇಡ.

ಹೊತ್ತಿನ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಪೇಚು ಇದೆ. ನಾಯಿಗೆ ಒಳ್ಳೆಯ ಕಾಲ ಅಂದರೆ ನವೆಂಬರಿನಿಂದ ಜನವರಿ. ಆದರೆ ಅದೇ ಕಬ್ಬಿನ ಹಂಗಾಮು. ಹಿಂದಿನ ದೀಪ ಇಲ್ಲದ ಡಬಲ್ ಟ್ರೇಲರ್ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ರಾತ್ರಿಯೆಲ್ಲ ಓಡುತ್ತವೆ. ತಂಪಿದೆ ಅಂತ ನಸುಕಿನ ನಾಲ್ಕಕ್ಕೆ ಹೊರಟರೆ ನಾಯಿಯ ಪಾದ ಉಳಿದೀತು, ನೀವು ಉಳಿಯುವ ಖಾತ್ರಿ ಇಲ್ಲ. ಪೂರ್ತಿ ಬೆಳಕು ಹರಿದ ಮೇಲೆ ಹೊರಟು ಹತ್ತೂವರೆಗೆ ನೆರಳು ಸೇರಿ, ಮತ್ತೆ ನಾಲ್ಕರಿಂದ ಕತ್ತಲಾಗುವ ತನಕ. ಬಂಡಿಯ ಹಿಂದೆ ಹೊಳೆಯುವ ಪಟ್ಟಿ, ಕೆಂಪು ದೀಪ ಕಡ್ಡಾಯ.

ರೇಬಿಸ್ ಲಸಿಕೆಯ ಕಾರ್ಡು ಜೇಬಿನಲ್ಲಿರಲಿ. ಪ್ರತಿ ಊರಿನ ಅಗಸಿಯಲ್ಲೂ ಬೀದಿನಾಯಿಗಳ ಸ್ವಾಗತ ಸಮಿತಿ ಇರುತ್ತದೆ. ಅಲ್ಲಿ ಓಡಿಸಬೇಡಿ, ಇಳಿದು ಸೈಕಲ್ ತಳ್ಳಿ. ನಾಯಿ ಬಿಸಿಲಿಗೆ ತತ್ತರಿಸಿದರೆ ಬರೇ ಒದ್ದೆ ಟಾವೆಲ್ ಹೊದಿಸಿ ಕೂರಬೇಡಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಡಾಕ್ಟರ ಹತ್ತಿರ ಒಯ್ಯಿರಿ. ದಾರಿಯ ಪಶು ಆಸ್ಪತ್ರೆಗಳ ನಂಬರು ಲಾಡ್ಜಿನ ನಂಬರಿಗಿಂತ ಮೊದಲು ಸೇವ್ ಆಗಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಆ ಹುಡುಗರಲ್ಲಿ ಒಬ್ಬ ಕೇಳಿದ: ‘ಹಂಗಾದ್ರ ನಾಯಿ ಮನ್ಯಾಗ ಬಿಟ್ಟು ಹೋಗೂದು ಚಲೋ ಅಂತೀಯೇನಣ್ಣಾ?’

ಬಂಡಿ ಮಾಡಿಸಲು ಆಗದಿದ್ದರೆ, ಹೌದು. ಬಿಡುವುದಕ್ಕೂ ಪ್ಲಾನು ಬೇಕು. ನಾಯಿಗೆ ಗುರುತಿರುವ ಒಬ್ಬರು ಎರಡು ಹೊತ್ತು ಬಂದು ಊಟ ಹಾಕಿ ತಿರುಗಾಡಿಸಬೇಕು. ಅವರಿಗೆ ಒಂದು ವಾರ ಮೊದಲೇ ರೂಢಿ ಮಾಡಿಸಬೇಕು. ಸರಪಳಿಗೆ ಕಟ್ಟಿ ಹತ್ತು ದಿನ ಹೋಗುವುದು ಇನ್ನೊಂದು ಬಗೆಯ ಹಿಂಸೆ.

‘ನಮ್ಮ ಅವ್ವ ನೋಡಕೋತಾಳ,’ ಅಂದ ಒಬ್ಬ. ಇನ್ನೊಬ್ಬ ಆಗಲೇ ಫೋನಿನಲ್ಲಿ ಹಳೆ ಸೈಕಲ್ ಗಾಲಿಯ ರೇಟು ಕೇಳುತ್ತಿದ್ದ. ಮೂರನೆಯವ ನಾಯಿಯ ಮುಂಗಾಲು ಎತ್ತಿ, ಬೆರಳಿನ ಸಂದು ಬಿಡಿಸಿ, ಪಾದದ ಅಡಿ ಹೇಗಿರುತ್ತದೆ ಅಂತ ಮೊದಲ ಸಲ ನೋಡುತ್ತಿದ್ದ.